ಪಾಚಿ ಬೆಳೆಸಿದ ಗಾಜಿನ ವ್ಯಾಪಾರಿ

"ಗುರುಗಳೇ, ನೀವು ಹೇಳಿದಾಗ ಸಂಶಯ ತೊಳೆದುಹೋಗುತ್ತದೆ. ಊರಿಗೆ ಹೋದ ಹದಿನೈದೇ ದಿನಕ್ಕೆ ಮತ್ತೆ ಕಟ್ಟಿಕೊಳ್ಳುತ್ತದೆ. ಮತ್ತೆ ಕಟ್ಟದ ಹಾಗೆ ಮಾಡುವ ಉಪಾಯ ಯಾವುದೂ ಇಲ್ಲವೆ?" ಎಂದು ಶಿಷ್ಯ ಕೇಳಿದ.

ಅವನ ಸಂಶಯ ದೊಡ್ಡದೇನಲ್ಲ. ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಒಬ್ಬನಿಗಾಗುವಷ್ಟು ಬೇಯಿಸಿ, ಉಂಡು, ಪಾತ್ರೆ ತೊಳೆದು ಕವುಚಿಟ್ಟ ಮೇಲೆ 'ಇದೆಲ್ಲ ಯಾರಿಗಾಗಿ?' ಅನ್ನಿಸುವುದು, ಅಷ್ಟೇ. ಪ್ರತಿ ಹುಣ್ಣಿಮೆಗೆ ಎರಡು ಬಸ್ಸು ಬದಲಿಸಿ ಮಠಕ್ಕೆ ಬಂದು ಅದನ್ನೇ ಕೇಳುತ್ತಿದ್ದ. ಇದು ಏಳನೆಯ ಹುಣ್ಣಿಮೆ. ಗುರುಗಳು ಆರು ಸಲ ಆರು ಬಗೆಯ ಉತ್ತರ ಕೊಟ್ಟಿದ್ದರು. ಆರೂ ಸರಿಯಾಗಿದ್ದವು.

ಗುರುಗಳು ಈ ಸಲ ಉತ್ತರ ಕೊಡಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಜಿನ ವ್ಯಾಪಾರಿ ಇದ್ದ. ಪೇಟೆಯ ಮೂಲೆಯಲ್ಲಿ ಅಂಗಡಿ, ಅಂಗಡಿಯ ಮೇಲೆ ಮನೆ. ಕಿಟಕಿಗೆ, ಬೀರುವಿಗೆ, ದೇವರ ಪಟಕ್ಕೆ ಅಳತೆಯ ಗಾಜು ಕೊಯ್ದು ಕೊಡುವುದು ಅವನ ಕಸುಬು. ಹೊಸ ಮನೆ ಕಟ್ಟಿದವರು ದೊಡ್ಡ ಪಟ್ಟಣಕ್ಕೆ ಹೋಗಿ ಗಾಜು ತರುತ್ತಿದ್ದರು. ಒಡೆದುಕೊಂಡವರು ಇವನಲ್ಲಿಗೆ ಬರುತ್ತಿದ್ದರು. ಚೂರುಗಳನ್ನು ಪೇಪರಿನಲ್ಲಿ ಸುತ್ತಿ ತಂದು, ಬೆಕ್ಕು ನೆಗೆಯಿತು, ಚೆಂಡು ಬಿತ್ತು ಎಂದು ಕಾರಣ ಹೇಳುತ್ತಿದ್ದರು. ಗಂಡ ಹೆಂಡಿರ ಜಗಳದಲ್ಲಿ ಒಡೆದದ್ದನ್ನು ಗಾಳಿಗೆ ಒಡೆಯಿತು ಎನ್ನುತ್ತಿದ್ದರು. ನಮ್ಮೂರಿನಲ್ಲಿ ಗಾಳಿ ಬಹಳ ಎಂದು ಅವನು ಒಪ್ಪಿಕೊಳ್ಳುತ್ತಿದ್ದ.

ಹೀಗೆ ನಲವತ್ತು ವರ್ಷ ಕಳೆಯಿತು. ನಲವತ್ತು ವರ್ಷದಲ್ಲಿ ಅವನು ಕಲಿತದ್ದು ಎರಡು ಮಾತು. ಗಾಜಿಗೆ ಬೆಳಕು ಬಿದ್ದರೆ ಲಕ್ಷಣ ಎನ್ನುವುದು ಒಂದು. ಏನಾದರೂ ಒಡೆಯದೆ ಮನುಷ್ಯರು ಮನುಷ್ಯರಲ್ಲಿಗೆ ಬರುವುದಿಲ್ಲ ಎನ್ನುವುದು ಇನ್ನೊಂದು. ಎರಡನೆಯದರ ಬಗ್ಗೆ ಅವನಿಗೆ ಬೇಸರವೇನೂ ಇರಲಿಲ್ಲ. ನೀರು ತಗ್ಗಿಗೆ ಹರಿಯುತ್ತದೆ ಎಂಬುದನ್ನು ತಿಳಿದ ಹಾಗೆ ಅದನ್ನೂ ತಿಳಿದುಕೊಂಡಿದ್ದ.

ಅವನಿಗೆ ಮಕ್ಕಳಿರಲಿಲ್ಲ. ಒಂದು ವರ್ಷ ಹೆಂಡತಿ ತೀರಿಕೊಂಡಳು. ನೆಂಟರು ಬಂದು ಹದಿಮೂರು ದಿನ ಇದ್ದರು. ಹದಿನಾಲ್ಕನೆಯ ದಿನ ಬೆಳಿಗ್ಗೆ ಅಭ್ಯಾಸದಂತೆ ಎರಡು ಲೋಟ ಕಾಫಿ ಮಾಡಿ, ಎರಡನ್ನೂ ತಾನೇ ಕುಡಿದ. ಮುಂದಿನ ವರ್ಷ ಅವನ ಕೈ ನಡುಗತೊಡಗಿತು. ನಡುಗುವ ಕೈಗೆ ಗಾಜು ನೇರವಾಗಿ ಸೀಳುವುದಿಲ್ಲ. ಅಂಗಡಿ ಮುಚ್ಚಿದ. ಆ ಮಳಿಗೆಗೆ ಮೊಬೈಲು ರಿಪೇರಿಯವನು ಬಂದ. ಅಲ್ಲಿಗೂ ಜನ ಗಾಜು ಒಡೆದುಕೊಂಡೇ ಬರುತ್ತಿದ್ದರು. ಆದರೆ ಮೆಟ್ಟಿಲು ಹತ್ತುವ ಕೆಲಸ ಅವರಿಗಿರಲಿಲ್ಲ.

ಅಂಗಡಿ ಖಾಲಿ ಮಾಡುವಾಗ ಐದು ತುಂಡು ದಪ್ಪ ಗಾಜು ಉಳಿದಿತ್ತು. ಯಾರೋ ಅಳತೆ ಕೊಟ್ಟು ಕೊಯ್ಯಿಸಿ, ಒಯ್ಯದೆ ಬಿಟ್ಟಿದ್ದರು. ಅವನು ಅವನ್ನು ಅಂಟಿನಿಂದ ಕೂಡಿಸಿ ಒಂದು ತೊಟ್ಟಿ ಮಾಡಿದ. ಸಾಕುವ ಮೀನು ಮಾರುವ ಮೀನಂಗಡಿಯಿಂದ ಎರಡು ಚಿನ್ನದ ಮೀನು ತಂದ. ಒಂದು ಕೆಂಪು, ಒಂದು ಬಿಳಿ. ಹೆಸರಿಡಲಿಲ್ಲ. ಹೆಸರಿಟ್ಟರೆ ಕರೆಯಬೇಕೆನ್ನಿಸುತ್ತದೆ, ಕರೆದರೆ ಅವು ಬರುವುದಿಲ್ಲ. ಗಾಜಿಗೆ ಬೆಳಕು ಬಿದ್ದರೆ ಲಕ್ಷಣವಲ್ಲವೆ? ತೊಟ್ಟಿಯನ್ನು ಒಂದು ಮೇಜಿನ ಮೇಲೆ, ಮೂಡಲ ಕಿಟಕಿಗೆ ಒತ್ತಿ ಇಟ್ಟ.

ಮೀನುಗಳು ಅವನ ನೆರಳು ಕಂಡರೆ ಗಾಜಿನ ಹತ್ತಿರ ಬಂದು ಬಾಯಿ ತೆರೆಯುತ್ತಿದ್ದವು. ತನ್ನನ್ನು ಕಂಡು ಇನ್ನೊಂದು ಜೀವ ಎದ್ದುಬರುವುದು ಅವನಿಗೆ ಮರೆತೇಹೋಗಿತ್ತು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಪ್ರತಿ ಸಲವೂ ಒಂದು ಚಿಟಿಕೆ ಊಟ ಹಾಕಿದ.

ಇಪ್ಪತ್ತನೆಯ ದಿನಕ್ಕೆ ಗಾಜು ಹಸಿರಾಯಿತು. ಅವನು ಹಳೆಯ ಪೇಪರು ಒದ್ದೆ ಮಾಡಿ ಬೆಳಗಿನಿಂದ ಮಧ್ಯಾಹ್ನದವರೆಗೆ ಒರೆಸಿದ. ಗಾಜು ಮಿಂಚಿತು, ಹಸಿರು ಹಾಗೇ ಇತ್ತು. ಕಲೆ ಒಳಗಡೆ ಇತ್ತು. ನಲವತ್ತು ವರ್ಷ ಅವನು ಹೊರಗಿನಿಂದ ಒರೆಸಿದವನು. ಮಧ್ಯಾಹ್ನದ ಮೇಲೆ ಮೀನಂಗಡಿಯವನಿಗೆ ಹೇಳಿಕಳಿಸಿದ.

ಮೀನಂಗಡಿಯವನು ಎರಡು ಬಕೆಟ್ಟು, ಒಂದು ಉದ್ದದ ಪೈಪು, ಒಂದು ಹಳೆಯ ಪ್ಲಾಸ್ಟಿಕ್ ಕಾರ್ಡು ಹಿಡಿದು ಬಂದ. ಬಾಗಿಲಲ್ಲಿ ನಿಂತೇ ಕೇಳಿದ.

"ಯಜಮಾನ್ರೇ, ಇದನ್ನ ಕಿಟಕಿಗೆ ಇಟ್ಟೋರು ಯಾರು?"

"ನಾನೇ. ಗಾಜಿಗೆ ಬೆಳಕು ಬಿದ್ದರೆ ಲಕ್ಷಣ ಕಣಪ್ಪಾ."

"ಗಾಜಿಗೆ ಲಕ್ಷಣ, ಮೀನಿಗೆ ಅವಲಕ್ಷಣ. ಪಾಚಿ ಬೆಳೆಯೋಕೆ ಬೇಕಾದ್ದು ಎರಡೇ. ಬಿಸಿಲು, ಮತ್ತೆ ಎಂಜಲು. ಬಿಸಿಲು ನೀವು ಕೊಟ್ಟಿದ್ದೀರಿ. ಊಟ ದಿನಕ್ಕೆ ಎಷ್ಟು ಸಲ ಹಾಕ್ತೀರಿ?"

"ನಾನು ಉಂಡಾಗ."

"ಕಾಫಿ ಕುಡಿದಾಗ?"

"ಆಗಲೂ ಒಂದು ಚಿಟಿಕೆ."

"ಇವು ಮೀನಲ್ಲ ಯಜಮಾನ್ರೇ, ಬೀಗರು."

ಅವನು ಕಾರ್ಡಿನಿಂದ ಗಾಜು ಕೆರೆದ. ಪೈಪಿನಿಂದ ತಳದ ಕೊಳೆಯನ್ನೂ ಮೂರರಲ್ಲೊಂದು ಪಾಲು ನೀರನ್ನೂ ಎಳೆದು ಹೊರಗೆ ಹಾಕಿದ. ಎಲ್ಲ ನೀರನ್ನೂ ಒಮ್ಮೆಗೇ ಚೆಲ್ಲಬಾರದು, ತಳದ ಕಲ್ಲುಗಳನ್ನು ಸೋಪಿನಲ್ಲಿ ಉಜ್ಜಬಾರದು, ಪೂರ್ತಿ ಚೊಕ್ಕಟವಾದ ನೀರಿನಲ್ಲಿ ಮೀನು ಬದುಕುವುದಿಲ್ಲ ಎಂದು ಹೇಳಿದ. ಕೆಲಸ ಮಾಡುತ್ತಲೇ ಊರಿನ ತೊಟ್ಟಿಗಳ ಸುದ್ದಿ ಹೇಳಿದ. ವಕೀಲರ ಮನೆಯ ದೊಡ್ಡ ಮೀನು ಸಣ್ಣದನ್ನು ನುಂಗಿದ್ದು. ಡಾಕ್ಟರ ಮನೆಯಲ್ಲಿ ಮೀನೆಲ್ಲ ಸತ್ತಮೇಲೂ ದೀಪ ಹಾಕಿ ಬರಿಯ ನೀರನ್ನು ನೋಡುತ್ತ ಕೂರುವುದು. ವ್ಯಾಪಾರಿ ಅವನಿಗೆ ಕಾಫಿ ಕೊಟ್ಟ. ತಾನೂ ಕುಡಿದ. ಹೋಗುವಾಗ ಮೀನಂಗಡಿಯವನು ಹೇಳಿದ:

"ತೊಟ್ಟೀನ ಒಳಗೋಡೆಗೆ ಸರಿಸಿ. ಊಟ ದಿನಕ್ಕೊಂದು ಸಲ ಹಾಕಿ. ಆಮೇಲೆ ನನ್ನನ್ನ ಕರೆಯೋ ಕೆಲಸ ಇರಲ್ಲ."

ಬಾಗಿಲು ಹಾಕಿಕೊಂಡು ವ್ಯಾಪಾರಿ ತೊಟ್ಟಿಯ ಮೇಜಿಗೆ ಕೈ ಹಚ್ಚಿದ. ನಾಲ್ಕು ಬೆರಳು ಸರಿಸಿದ. ನಿಂತ. ನಾಲ್ಕು ಬೆರಳು ಹಿಂದಕ್ಕೆ ಸರಿಸಿದ. ಒಳಗೆ ಹೋಗಿ ಎರಡು ಲೋಟ ತೊಳೆದ.

ಹದಿನೈದು ದಿನಕ್ಕೆ ಗಾಜು ಮತ್ತೆ ಹಸಿರಾಯಿತು. ಮೀನಂಗಡಿಯವನು ಮತ್ತೆ ಬಂದ.

ಲೋಕದಲ್ಲಿ ಎಲ್ಲರೂ ಪಾಚಿ ಹೋಗಲಾಡಿಸುವುದನ್ನು ಕಲಿಯುತ್ತಾರೆ. ವ್ಯಾಪಾರಿ ಅದೇ ವಿದ್ಯೆಯನ್ನು ಹಿಂದುಮುಂದಾಗಿ ಕಲಿತ. ಬಿಸಿಲು ಹೆಚ್ಚಿದ್ದರೆ ಹನ್ನೆರಡು ದಿನ ಸಾಕು, ಮೋಡವಿದ್ದರೆ ಹದಿನೆಂಟು ಬೇಕು. ಮೋಡದ ದಿನಗಳಲ್ಲಿ ತೊಟ್ಟಿಯ ಮೇಲೆ ಒಂದು ದೀಪ ತೂಗಿಸಿ ಹಗಲೆಲ್ಲ ಉರಿಸಿದ. ಆಷಾಢದಲ್ಲಿ ಹದಿಮೂರನೆಯ ದಿನವೂ ಗಾಜು ತಿಳಿಯಾಗಿದ್ದಾಗ ಅವನಿಗೆ ಊಟ ಸೇರಲಿಲ್ಲ. ಮೀನಿಗೆ ಎರಡು ಚಿಟಿಕೆ ಹೆಚ್ಚು ಹಾಕಿದ. ಮೂಲೆಯಲ್ಲಿ ಹಸಿರು ಕಂಡಾಗ ಕನ್ನಡಕ ಹಾಕಿಕೊಂಡು ನೋಡಿ, ಸಮಾಧಾನದಿಂದ ಕಾಫಿಪುಡಿ ತರಲು ಹೊರಟ.

ತಾನು ಮೋಸ ಮಾಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ. ಪಾಚಿಯನ್ನು ಅವನೇನೂ ಹಚ್ಚುತ್ತಿರಲಿಲ್ಲ. ಅದು ಬರುತ್ತಿತ್ತು, ಇವನು ಬೇಡವೆನ್ನುತ್ತಿರಲಿಲ್ಲ.

ಇತ್ತ ಮೀನಂಗಡಿಯವನಿಗೆ ಚಿಂತೆ ಹತ್ತಿತು. ಬೇರೆ ಮನೆಗಳಲ್ಲಿ ಒಮ್ಮೆ ಹೇಳಿಕೊಟ್ಟರೆ ಮುಗಿಯುತ್ತಿತ್ತು. ಕೆಲಸ ಚೆನ್ನಾಗಿದ್ದರೆ ಮನೆಯವರು ತನ್ನನ್ನು ಮರೆಯಬೇಕು ಎನ್ನುವುದು ಅವನ ಕಸುಬಿನ ಮರ್ಯಾದೆ. ಈ ಒಂದು ಮನೆಯಲ್ಲಿ ಮಾತ್ರ ಅವನನ್ನು ಮರೆಯುತ್ತಲೇ ಇರಲಿಲ್ಲ. ಅವನ ಪಕ್ಕದಲ್ಲಿ ಒಬ್ಬ ಸೈಕಲ್ ಅಂಗಡಿಯವನಿದ್ದ. ಪಂಕ್ಚರ್ ಇಲ್ಲದ ಹೊತ್ತಿನಲ್ಲಿ ಅವನಿಗೆ ಬಾಯಿ ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

"ಏನಪ್ಪಾ, ಮತ್ತೆ ಗಾಜಿನಯ್ಯನ ಮನೆಗಾ? ಬರುವಾಗ ತಳದಲ್ಲಿ ಪಾಚಿ ಬೀಜ ಹಾಕಿ ಬರ್ತೀಯೋ ಹೇಗೆ?"

ಕೇಳಿದವರು ನಕ್ಕರು. ಮೀನಂಗಡಿಯವನೂ ನಕ್ಕ. ಆದರೆ ಆ ಮಾತು ಅವನೊಳಗೆ ಮುಳ್ಳಿನ ಹಾಗೆ ಉಳಿಯಿತು.

ಹನ್ನೊಂದನೆಯ ಸಲ ಬಂದಾಗ ಬಿಳಿಯ ಮೀನು ಒಂದು ಕಡೆಗೆ ವಾಲಿ ಈಜುತ್ತಿತ್ತು.

"ಅಜೀರ್ಣ ಯಜಮಾನ್ರೇ. ಇನ್ನೊಂದು ತಿಂಗಳು ಹೀಗೇ ಹಾಕಿದ್ರೆ ಇದು ಹೋಗತ್ತೆ," ಎಂದ ಮೀನಂಗಡಿಯವನು.

"ಹೌದೇ? ಕಡಿಮೆ ಮಾಡುತ್ತೇನೆ," ಎಂದ ವ್ಯಾಪಾರಿ. ಎರಡು ದಿನ ಕಡಿಮೆ ಮಾಡಿದ. ಮೂರನೆಯ ದಿನ ಗಾಜು ನೋಡಿದ, ಕ್ಯಾಲೆಂಡರು ನೋಡಿದ, ವಾಲಿದ ಮೀನನ್ನು ನೋಡಿದ. ಮುಖ ತಿರುಗಿಸಿಕೊಂಡು ಒಂದು ಚಿಟಿಕೆ ಹಾಕಿದ.

ಹನ್ನೆರಡನೆಯ ಸಲ ಮೀನಂಗಡಿಯವನು ಗಟ್ಟಿ ಮನಸ್ಸು ಮಾಡಿಕೊಂಡು ಬಂದ. ವ್ಯಾಪಾರಿ ಕಾಫಿ ಮಾಡಲು ಒಳಗೆ ಹೋದ. ಹಾಲು ಕಾಯುವಷ್ಟರಲ್ಲಿ ಮೀನಂಗಡಿಯವನು ಅರ್ಧ ನೀರು ಇಳಿಸಿ, ಮೇಜನ್ನು ಎಳೆದು, ತೊಟ್ಟಿಯನ್ನು ಬಿಸಿಲು ಸುಳಿಯದ ಒಳಗೋಡೆಗೆ ಮುಟ್ಟಿಸಿದ್ದ. ಅದರ ಬೆನ್ನಿಗೆ ಕಪ್ಪು ಕಾಗದ ಅಂಟಿಸಿದ. ಪಾಚಿಯ ಊಟವನ್ನು ತಾವೇ ಉಣ್ಣಲಿ ಎಂದು ನಾಲ್ಕು ನೀರುಗಿಡ ನೆಟ್ಟ. ದಿನಕ್ಕೆ ಆರೇ ಗಂಟೆ ಉರಿದು ತಾನಾಗಿ ಆರುವ ಹಾಗೆ ದೀಪಕ್ಕೆ ಒಂದು ಗಡಿಯಾರ ಜೋಡಿಸಿದ. ಊಟದ ಡಬ್ಬಿಗೆ ಉಪ್ಪಿನಕಾಯಿ ಚಮಚಕ್ಕಿಂತ ಸಣ್ಣ ಚಮಚವನ್ನು ದಾರದಲ್ಲಿ ಕಟ್ಟಿದ. ಇದಕ್ಕೆಲ್ಲ ಏನೂ ತೆಗೆದುಕೊಳ್ಳಬಾರದೆಂದು ಮನೆಯಿಂದಲೇ ನಿಶ್ಚಯಿಸಿ ಬಂದಿದ್ದ.

ವ್ಯಾಪಾರಿ ಎರಡು ಲೋಟ ಹಿಡಿದು ಬಂದು ಕಿಟಕಿಯ ಕಡೆ ನೋಡಿದ. ಅಲ್ಲಿ ಬಿಸಿಲು ನೆಲದ ಮೇಲೆ ಬಿದ್ದಿತ್ತು.

"ಬೆಳಿಗ್ಗೆ ಒಂದು ಚಮಚ, ಅಷ್ಟೇ. ನಾನು ಬರೆದುಕೊಡ್ತೀನಿ ಯಜಮಾನ್ರೇ, ಇನ್ನು ನನ್ನ ಮುಖ ನೋಡೋ ಕಷ್ಟ ನಿಮಗಿಲ್ಲ!"

ಅವನ ಮುಖ ಸಂತೋಷದಿಂದ ಅರಳಿತ್ತು. ವ್ಯಾಪಾರಿಗೆ ಆಡಬೇಕಾದ ಮಾತು ಇತ್ತು. ಅದು ಉದ್ದವಾದ ಮಾತೇನೂ ಆಗಿರಲಿಲ್ಲ.

"ದೊಡ್ಡ ಉಪಕಾರವಾಯಿತು ಕಣಪ್ಪಾ," ಎಂದ.

ಇಬ್ಬರೂ ಕಾಫಿ ಕುಡಿದರು. ಮೀನಂಗಡಿಯವನು ಬಕೆಟ್ಟು ಎತ್ತಿಕೊಂಡು ಶಿಳ್ಳೆ ಹಾಕುತ್ತ ಮೆಟ್ಟಿಲಿಳಿದ. ವ್ಯಾಪಾರಿ ಕೊನೆಯ ಮೆಟ್ಟಿಲಿನವರೆಗೆ ಸದ್ದನ್ನು ಎಣಿಸಿದ.

ಹದಿನೈದು ದಿನವಾಯಿತು. ಗಾಜು ತಿಳಿಯಾಗಿತ್ತು. ತಿಂಗಳಾಯಿತು. ಆಗಲೂ ತಿಳಿಯಾಗಿತ್ತು. ಅಂಥ ಗಾಜನ್ನು ಅವನು ಅಂಗಡಿಯಲ್ಲಿದ್ದಾಗಲೂ ನೋಡಿರಲಿಲ್ಲ. ಬಿಳಿಯ ಮೀನು ನೆಟ್ಟಗಾಯಿತು. ಅದೊಂದು ಕಾರಣಕ್ಕೆ ಅವನು ತೊಟ್ಟಿಯನ್ನು ಮತ್ತೆ ಕಿಟಕಿಗೆ ಎಳೆಯಲಿಲ್ಲ. ಎರಡು ಸಲ ಮೇಜಿಗೆ ಕೈ ಹಚ್ಚಿದ್ದ. ಎರಡು ಸಲವೂ ಆ ಮೀನು ನೇರವಾಗಿ ಈಜಿಕೊಂಡು ಬಂದು ಅವನೆದುರು ನಿಂತಿತ್ತು.

ದಿನಕ್ಕೊಂದು ಚಮಚ ಊಟಕ್ಕೆ ಹತ್ತು ಎಣಿಸುವಷ್ಟು ಹೊತ್ತು ಸಾಕು. ಉಳಿದ ಹೊತ್ತು ಅವನು ತೊಟ್ಟಿಯ ಮುಂದೆ ಕೂತಿರುತ್ತಿದ್ದ. ಗಾಜಿನ ಬೆನ್ನಿಗೆ ಕಪ್ಪು ಹಚ್ಚಿದರೆ ಅದು ಕನ್ನಡಿಯಾಗುತ್ತದೆ. ಅವನ ಕಸುಬಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಎರಡು ಮೀನುಗಳ ನಡುವೆ ಒಬ್ಬ ಮುದುಕ ಕೂತಿರುವುದನ್ನು ಅವನು ದಿನವೂ ನೋಡಿದ.

ಒಂದು ಮಧ್ಯಾಹ್ನ ಹಳೆಯ ಸಾಮಾನಿನ ಪೆಟ್ಟಿಗೆಯಿಂದ ಸಣ್ಣ ಸುತ್ತಿಗೆಯನ್ನು ತೆಗೆದ. ಎಲ್ಲಿ ಹೊಡೆದರೆ ಗಾಜು ಸಿಡಿಯುತ್ತದೆ, ಎಲ್ಲಿ ಹೊಡೆದರೆ ಕೂದಲೆಳೆಯ ಬಿರುಕು ಮಾತ್ರ ಬಿಟ್ಟು ನೀರು ಜಿನುಗುತ್ತದೆ, ಎರಡೂ ಅವನಿಗೆ ಗೊತ್ತಿತ್ತು. ಒಡೆದರೆ ಜನ ಬರುತ್ತಾರೆ. ಇದಂತೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ತೊಟ್ಟಿಯ ಮುಂದೆ ನಿಂತು ಕೈ ಚಾಚಿದ. ಕೈ ನಡುಗಿತು. ನಡುಗುವ ಕೈಗೆ ಸಿಡಿಯುವುದೂ ಬಿರುಕು ಬಿಡುವುದೂ ಒಂದೇ. ಮೀನುಗಳು ಊಟವೆಂದು ತಿಳಿದು ಬಾಯಿ ತೆರೆದವು.

ಎತ್ತಿದ ಸುತ್ತಿಗೆಯನ್ನು ಹಾಗೇ ಇಳಿಸಲು ನಾಚಿಕೆಯಾಗಿ ಗೋಡೆಗೆ ಒಂದು ಮೊಳೆ ಹೊಡೆದ. ಅದಕ್ಕೆ ತೂಗುಹಾಕಲು ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಒಗೆದ ಅಂಗಿ ತೊಟ್ಟು, ಮೆಟ್ಟಿಲಿಳಿದು, ಮೀನಂಗಡಿಗೆ ನಡೆದ. ದಾರಿಯುದ್ದಕ್ಕೂ ಎರಡು ಶಬ್ದ ಬಾಯಿಪಾಠ ಮಾಡಿದ. 'ಸುಮ್ಮನೆ ಬಂದೆ.' ಯಾರನ್ನಾದರೂ ನೋಡಲು ಹೋದವರು ಹೀಗೆ ಹೇಳುವುದನ್ನು ಅವನು ಕೇಳಿ ಬಲ್ಲ. ಆದರೆ ನಲವತ್ತು ವರ್ಷದಲ್ಲಿ ಅವನ ಅಂಗಡಿಗೆ ಬಂದು ಯಾರೂ ಹೀಗೆ ಹೇಳಿರಲಿಲ್ಲ. ಅವನೂ ಯಾರ ಅಂಗಡಿಯ ಮುಂದೆಯೂ ಹೇಳಿರಲಿಲ್ಲ.

ಮೀನಂಗಡಿಯಲ್ಲಿ ಮೂರು ನಾಲ್ಕು ಗಿರಾಕಿಗಳಿದ್ದರು. ಒಬ್ಬನಿಗೆ ಮೀನು ಬೇಕಿತ್ತು, ಒಬ್ಬನಿಗೆ ಪಂಪು ಕೆಟ್ಟಿತ್ತು. ಎಲ್ಲರಿಗೂ ಒಂದೊಂದು ಕಾರಣವಿತ್ತು. ಮೀನಂಗಡಿಯವನು ತಲೆಯೆತ್ತಿದ.

"ಓಹೋ, ಯಜಮಾನ್ರು! ಏನು ಇಷ್ಟು ದೂರ?"

ವ್ಯಾಪಾರಿ ಬಾಯಿ ತೆರೆದ. ಗಿರಾಕಿಗಳು ತಿರುಗಿ ನೋಡಿದರು.

"ಪಾಚಿ," ಎಂದ.

ಪಕ್ಕದಿಂದ ಸೈಕಲ್ ಅಂಗಡಿಯವನ ದನಿ ಬಂತು. "ನಾನು ಹೇಳಲಿಲ್ವಾ? ಬೀಜ ಮೊಳಕೆ ಒಡೀತು ನೋಡ್ರಪ್ಪಾ!"

ಮೀನಂಗಡಿಯವನ ಮುಖ ಸಣ್ಣದಾಯಿತು. "ಸಂಜೆ ಬರ್ತೀನಿ," ಎಂದಷ್ಟೇ ಹೇಳಿ ತಲೆ ತಗ್ಗಿಸಿ ಮೀನು ಹಿಡಿಯತೊಡಗಿದ. ವ್ಯಾಪಾರಿ ಮನೆಗೆ ಹಿಂದಿರುಗಿದ. ತಾನು ಒಡೆದದ್ದು ಏನೆಂದು ದಾರಿಯಲ್ಲಿ ಅವನಿಗೆ ಹೊಳೆಯಿತು. ಅದಕ್ಕೆ ಅಳತೆಯ ಗಾಜು ಸಿಗುವುದಿಲ್ಲ ಎನ್ನುವುದೂ ಹೊಳೆಯಿತು.

ಸಂಜೆ ಮೀನಂಗಡಿಯವನು ಬಂದ. ಶಿಳ್ಳೆ ಇರಲಿಲ್ಲ. ಚಪ್ಪಲಿ ಬಿಟ್ಟು, ವ್ಯಾಪಾರಿಯ ಮುಖ ನೋಡದೆ, ನೆಟ್ಟಗೆ ತೊಟ್ಟಿಯ ಹತ್ತಿರ ಹೋಗಿ ಬಗ್ಗಿದ. ಎದುರಿನಿಂದ ನೋಡಿದ. ಪಕ್ಕದಿಂದ ನೋಡಿದ. ಮೂಲೆಯ ಅಂಟಿನ ಮೇಲೆ ಉಗುರು ಆಡಿಸಿ ನೋಡಿದ. ನೀರು ಗಾಳಿಯಂತಿತ್ತು. ಗಿಡಗಳು ಚಿಗುರಿದ್ದವು. ಮೀನುಗಳು ನೆಟ್ಟಗಿದ್ದವು.

"ಎಲ್ಲಿದೆ ಯಜಮಾನ್ರೇ ಪಾಚಿ?"

ವ್ಯಾಪಾರಿ ನೆಲ ನೋಡಿದ. ಅವನಿಗೆ ಎಪ್ಪತ್ತೊಂದು ವರ್ಷವಾಗಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದು ನಿಂತದ್ದು ಶಾಲೆ ಬಿಟ್ಟಮೇಲೆ ಇದೇ ಮೊದಲು.

ಮೀನಂಗಡಿಯವನಿಗೆ ರೇಗಿತು. ನಾಲ್ಕು ಜನರ ಮುಂದೆ ತಲೆ ತಗ್ಗಿಸಿದ್ದು ನೆನಪಾಗಿ ಬಾಯಿಗೆ ಮಾತು ಬಂತು. ಆಡಲು ತಿರುಗಿದ. ತಿರುಗಿದ ಕಡೆ ಅಡುಗೆಮನೆಯ ಕಟ್ಟೆ ಕಾಣುತ್ತಿತ್ತು. ಕಟ್ಟೆಯ ಮೇಲೆ ಎರಡು ಲೋಟ ಇದ್ದವು. ಒಂದು ವ್ಯಾಪಾರಿ ದಿನವೂ ಬಳಸಿ ಸವೆದದ್ದು. ಇನ್ನೊಂದು ಅಂಚಿನ ಹತ್ತಿರ ಸೊಟ್ಟಗಾದದ್ದು. ಹನ್ನೆರಡು ಸಲವೂ ಅವನಿಗೆ ಕಾಫಿ ಬಂದದ್ದು ಆ ಸೊಟ್ಟ ಲೋಟದಲ್ಲಿ. ಅದನ್ನು ತೊಳೆದು, ಒರೆಸಿ, ಬಾಯಿ ಮೇಲಾಗಿ ಇಟ್ಟಿತ್ತು. ಇವತ್ತು ಇಟ್ಟದ್ದಲ್ಲ. ಅದರೊಳಗೆ ಸಣ್ಣಗೆ ಧೂಳು ಕೂತಿತ್ತು.

ಅವನು ತೊಟ್ಟಿಯ ಕಡೆ ತಿರುಗಿ ಅಂಗಿಯ ತೋಳು ಮಡಿಸಿದ.

"ಇದೆ ಯಜಮಾನ್ರೇ. ಹತ್ತಿರದಿಂದ ನೋಡಿದ್ರೆ ಇದೆ," ಎಂದ.

ಕಾರ್ಡನ್ನು ನೀರಿಗಿಳಿಸಿ, ತಿಳಿಯಾದ ಗಾಜನ್ನು ಅರ್ಧ ಗಂಟೆ ಉಜ್ಜಿದ. ಉಜ್ಜುತ್ತ ವಕೀಲರ ಮನೆಯ ಮೀನು ಈಗ ಯಾರನ್ನು ನುಂಗಿತು ಎಂಬುದನ್ನು ಹೇಳಿದ. ಒಳಗೆ ಹಾಲು ಉಕ್ಕಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ಇದೆಯೆಂದು ಕಾದ. ಇರಲಿಲ್ಲ.

"ಗುರುಗಳೇ, ಮತ್ತೆ ಕಟ್ಟದ ಹಾಗೆ ಮಾಡುವ ಉಪಾಯ ಕೇಳಿದ್ದೆ. ಇದರಲ್ಲಿ ಉಪಾಯ ಯಾವುದು? ಒಳಗೋಡೆಗೆ ಸರಿಸುವುದೆ? ಎಂಜಲು ಕಡಿಮೆ ಮಾಡುವುದೆ?"

ಗುರುಗಳು ಅವನ ಚೀಲವನ್ನು ಎತ್ತಿ ಅವನ ಕೈಗೆ ಕೊಟ್ಟು ಹೇಳಿದರು:

"ಮುಂದಿನ ಹುಣ್ಣಿಮೆಗೆ ಸಂಶಯ ತರಬೇಡ, ಸುಮ್ಮನೆ ಬಾ."